ಸಾಧು ಮಗು

ಮಾರ್ಚ್ ೪, ಮಂಗಳವಾರ

ಮಧ್ಯಾಹ್ನ ಮೂರು ಗಂಟೆ. ಮೇಲಿನ ಮನೆಯವರು ಕುರ್ಚಿ ಎಳೆದ ಸದ್ದಿಗೆ ಎಚ್ಚರವಾಯಿತು. ದಡಬಡಿಸಿ ಎದ್ದು ಮೊದಲು ಪಕ್ಕಕ್ಕೆ ಕೈ ಹಾಕಿದೆ. ಮಗು ಇತ್ತು, ಬೆಚ್ಚಗಿತ್ತು. ಆಮೇಲೆ ನಾಲಿಗೆಯನ್ನು ಬಾಯೊಳಗೆಲ್ಲ ಆಡಿಸಿ ನೋಡಿಕೊಂಡೆ. ಎಲ್ಲೂ ಕಚ್ಚಿಕೊಂಡಿರಲಿಲ್ಲ. ಅಂದರೆ ಬರೀ ನಿದ್ದೆ, ಫಿಟ್ಸ್ ಬಂದು ಹೋಗಿಲ್ಲ. ಬೇರೆಯವರು ಎದ್ದ ಕೂಡಲೇ ಗಡಿಯಾರ ನೋಡುತ್ತಾರೆ, ನಾನು ನಾಲಿಗೆ ನೋಡಿಕೊಳ್ಳುತ್ತೇನೆ. ಹೈಸ್ಕೂಲಿನಿಂದ ಬಂದ ಅಭ್ಯಾಸ.

ರಾತ್ರಿ ಕಣ್ಣು ಮುಚ್ಚಲು ಧೈರ್ಯವಿಲ್ಲ. ಮಗುವನ್ನು ತೊಡೆಯ ಮೇಲೆ ಇಟ್ಟುಕೊಂಡೇ ಬಿದ್ದುಬಿಟ್ಟರೆ? ಆದರೆ ನಿದ್ದೆಗೆಟ್ಟರೆ ಫಿಟ್ಸ್ ಬೇಗ ಬರುತ್ತದಂತೆ, ಹಾಗಾಗಿ ಮಲಗಲೇಬೇಕು. ಮಲಗಲೂ ಹೆದರಿಕೆ, ಮಲಗದಿರಲೂ ಹೆದರಿಕೆ. ಇದರ ನಡುವೆ ಹಾಲು ಕುಡಿಸುವುದು, ಬಟ್ಟೆ ಬದಲಿಸುವುದು, ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ಮತ್ತೆ ಮತ್ತೆ ಹೋಗಿ ನೋಡಿ ಬರುವುದು.

ಇವರು ಮಗಳಿಗೆ ಗುಂಡಮ್ಮ ಎಂದು ಅಡ್ಡಹೆಸರಿಟ್ಟಿದ್ದಾರೆ. ಅವಳು ಗುಂಡಗೇನೂ ಇಲ್ಲ. "ಮುಂದೆ ಆಗ್ತಾಳಲ್ಲ, ಅಡ್ವಾನ್ಸಾಗಿ ಕರೀತಿದ್ದೀನಿ" ಅನ್ನುತ್ತಾರೆ. ಗೋದಾಮಿನಲ್ಲಿ ರಾತ್ರಿ ಪಾಳಿ ಬಿದ್ದ ಮೇಲೆ ಅಪ್ಪ ಮಗಳು ಒಟ್ಟಿಗೆ ಇರುವುದು ಹಗಲು ಹೊತ್ತಿನಲ್ಲಿ ಮಾತ್ರ. ಆಗ ಇಬ್ಬರೂ ಗೊರಕೆ ಹೊಡೆಯುತ್ತಿರುತ್ತಾರೆ.

ಇವತ್ತು ಹೊಸ ಮಾತ್ರೆ ಡಬ್ಬಿ ಒಡೆದೆ. ಒಳಗೆ ಎಂಟು ಮಡಿಕೆಯ ಕಾಗದ ಇರುತ್ತದಲ್ಲ, ಅದನ್ನು ಓದಬಾರದು ಎಂದುಕೊಂಡೇ ಓದಿದೆ. "ಹಾಲುಣಿಸುವ ತಾಯಂದಿರಲ್ಲಿ ಈ ಔಷಧದ ಸುರಕ್ಷತೆ ಸಾಬೀತಾಗಿಲ್ಲ." ಗೊತ್ತಿದ್ದದ್ದೇ. ಆದರೂ ಮಗು ಎದೆಗೆ ಬಾಯಿ ಹಾಕಿರುವಾಗ ಓದಿದರೆ ಬೇರೆ ಥರ ಕೇಳಿಸುತ್ತದೆ.

ಅಮ್ಮ ಊರಿಂದ ಫೋನ್ ಮಾಡಿದಾಗಲೆಲ್ಲ, "ಮಾತ್ರೆ ಬಿಟ್ಬಿಡೇ, ಮಗು ಮೊದಲು" ಅನ್ನುತ್ತಾಳೆ. ಅತ್ತೆ ಅಡುಗೆಮನೆಯಿಂದಲೇ, "ಹಾಲು ಬಿಡಿಸ್ಬಿಡಮ್ಮ, ನೀನೇ ಬಿದ್ರೆ ಮಗೂನ ಯಾರು ನೋಡ್ತಾರೆ" ಅನ್ನುತ್ತಾರೆ. ಇವರು, "ಡಾಕ್ಟರ್ ಹೇಳಿದ ಹಾಗೆ ಮಾಡೋಣ" ಅನ್ನುತ್ತಾರೆ, ಅದೂ ಬಾಗಿಲಲ್ಲಿ ನಿಂತು ಶೂ ಹಾಕಿಕೊಳ್ಳುತ್ತ. ಮೂವರೂ ಹೇಳುವುದು ಸರಿ ಅನ್ನಿಸುತ್ತದೆ. ನನ್ನ ತೊಂದರೆಯೇ ಅದು, ಯಾರು ಕೊನೆಯಲ್ಲಿ ಮಾತಾಡಿದರೋ ಅವರೇ ಸರಿ.

ಬರೆದರೆ ಸ್ವಲ್ಪ ಸಮಾಧಾನ. ಅಕ್ಷರ ನೋಡಿದರೆ ಕೈ ನಡುಗುತ್ತಿದೆಯೋ ಇಲ್ಲವೋ ತಿಳಿಯುತ್ತದೆ. ಇವತ್ತು ಅಷ್ಟೇನಿಲ್ಲ. ಸಾಲು ಗೆರೆ ಬಿಟ್ಟು ಕೆಳಗಿಳಿದಿದೆ, ನಿದ್ದೆಗಣ್ಣು.

ಮಾರ್ಚ್ ೬, ಗುರುವಾರ

ಆಸ್ಪತ್ರೆಯಿಂದ ಫೋನ್ ಸಿಸ್ಟರ್ ಮಾತಾಡಿದರು. ಅವರ ಹೆಸರು ಕೇಳಿಲ್ಲ, ಮುಖ ನೋಡಿಲ್ಲ. ಗುರುವಾರ ಗುರುವಾರ ಬರುವ ಒಂದು ದನಿ, ಹಿಂದುಗಡೆ ಯಾವಾಗಲೂ ಗರಗರ ತಿರುಗುವ ಒಂದು ಫ್ಯಾನು.

ಬಸುರಿಯಾಗಿದ್ದಾಗ ಫಿಟ್ಸ್ ವಿಭಾಗದ ಡಾಕ್ಟರಮ್ಮ ನನ್ನನ್ನು ಅವರ ಅಧ್ಯಯನಕ್ಕೆ ಸೇರಿಸಿಕೊಂಡರು. ಈ ಮಾತ್ರೆ ನುಂಗುತ್ತಲೇ ಹಾಲುಣಿಸುವ ತಾಯಂದಿರ ಮಕ್ಕಳು ಹೇಗಿರುತ್ತಾರೆ ಎಂದು ವಾರವಾರವೂ ಕೇಳಿ ತಿಳಿಯುವ ಅಧ್ಯಯನ. ಆವತ್ತೇ ನಾನು ಕೇಳಿದ್ದೆ.

"ಸಾಬೀತಾಗಿಲ್ಲ ಅಂದ್ರೆ ಕೆಟ್ಟದ್ದು ಅಂತಾನಾ ಡಾಕ್ಟ್ರೇ?"

"ಅಲ್ಲಮ್ಮ. ಯಾರೂ ಸರಿಯಾಗಿ ನೋಡೇ ಇಲ್ಲ ಅಂತ."

"ಯಾಕೆ ನೋಡಿಲ್ಲ?"

"ಔಷಧಿ ಪರೀಕ್ಷೆ ಮಾಡುವಾಗ ಬಸುರಿ ಬಾಣಂತಿಯರನ್ನ ಸೇರಿಸಿಕೊಳ್ಳೋದೇ ಇಲ್ಲ. ಹೆಚ್ಚುಕಮ್ಮಿ ಆದ್ರೆ ಅಂತ ಭಯ."

ಅವರೆಲ್ಲ ಭಯಪಟ್ಟು ಬದಿಗಿಟ್ಟದ್ದನ್ನು ನಾವು ದಿನಾ ಲೋಟ ನೀರಿನ ಜೊತೆ ನುಂಗುತ್ತೇವೆ. ಮೊದಲು ಬೆಳಿಗ್ಗೆ ಒಂದು, ರಾತ್ರಿ ಒಂದು ಇತ್ತು. ಬಸುರಿನಲ್ಲಿ ಮೈ ಔಷಧಿಯನ್ನು ಬೇಗ ಹೊರಗೆ ಹಾಕಿಬಿಡುತ್ತದೆ ಎಂದು ಡಾಕ್ಟರಮ್ಮನೇ ಎರಡೆರಡು ಮಾಡಿದರು. ಅಲ್ಲಿಂದ ಒಂದೂ ಫಿಟ್ಸ್ ಬಂದಿಲ್ಲ. ಎರಡೆರಡೇ ನುಂಗುತ್ತಿದ್ದೇನೆ.

ಸಿಸ್ಟರ್ ಪ್ರಶ್ನೆಗಳನ್ನು ಒಂದೇ ಉಸಿರಿಗೆ ಓದುತ್ತಾರೆ, ಬಸ್ಸಿನಲ್ಲಿ ಕಂಡಕ್ಟರು ನಿಲ್ದಾಣ ಕೂಗಿದ ಹಾಗೆ. "ಮಗುವಿಗೆ ವಾಂತಿ ಇದೆಯೇ? ಮೈಮೇಲೆ ಗುಳ್ಳೆ ಇದೆಯೇ? ಮಗು ಮಂಕಾಗಿದೆಯೇ?"

ಉಳಿದದ್ದಕ್ಕೆ ಇಲ್ಲ, ಇಲ್ಲ ಅಂದವಳು ಕೊನೆಯ ಪ್ರಶ್ನೆಗೆ ಉರಿದುಹೋದೆ. "ನನ್ನ ಮಗಳು ಯಾಕೆ ಮಂಕಾಗ್ತಾಳೆ ಸಿಸ್ಟರ್? ತುಂಬಾ ಸಾಧು, ಅಷ್ಟೆ. ಅಳೋದೇ ಇಲ್ಲ."

"ಅಯ್ಯೋ, ಅದೃಷ್ಟ ಮಾಡಿದ್ದೀರಿ. ನನ್ನ ಮಗ ಮೂರು ತಿಂಗಳು ಬೀದಿಗೆಲ್ಲ ಕೇಳೋ ಹಾಗೆ ಅತ್ತ" ಎಂದು ನಕ್ಕು ಫೋನ್ ಇಟ್ಟರು.

ಅತ್ತೆ ಅಡುಗೆಮನೆಯಿಂದ ಎಲ್ಲ ಕೇಳಿಸಿಕೊಂಡಿದ್ದರು. "ಮಂಕಂತೆ ಮಂಕು! ಅವರ ಮನೆ ಮಕ್ಕಳು ಮಂಕು. ನಮ್ಮ ಗುಂಡಮ್ಮನ ಕಣ್ಣು ನೋಡಿದ್ದಾರಾ ಅವರು?"

ಕಣ್ಣು ನಾನೂ ನೋಡಬೇಕೆಂದು ಹೋದೆ. ಮುಚ್ಚಿತ್ತು.

ಮಾರ್ಚ್ ೯, ಭಾನುವಾರ

ನಾದಿನಿ ತನ್ನ ಮಗನನ್ನು ಕರೆದುಕೊಂಡು ಬಂದಿದ್ದಳು. ಅವನಿಗೆ ವರ್ಷ ತುಂಬಿದೆ. ಬಂದವನೇ ಟಿ.ವಿ. ರಿಮೋಟು ಕಚ್ಚಿದ, ನನ್ನ ಚಪ್ಪಲಿ ನೆಕ್ಕಿದ, ಎತ್ತಿಕೊಂಡರೆ ಕೂಗಿದ, ಇಳಿಸಿದರೆ ಇನ್ನೂ ಕೂಗಿದ. ಗುಂಡಮ್ಮ ಇಷ್ಟೆಲ್ಲದರ ನಡುವೆ ಮಲಗೇ ಇದ್ದಳು.

"ಅತ್ತಿಗೆ, ಇಂಥ ಮಗು ಸಿಗೋದಾದ್ರೆ ನಾನು ಇನ್ನೂ ನಾಲ್ಕು ಹೆರ್ತೀನಿ" ಅಂದಳು ನಾದಿನಿ.

"ಮೊದಲು ಇರೋದನ್ನ ಚಪ್ಪಲಿಯಿಂದ ಬಿಡಿಸು" ಅಂದರು ಅತ್ತೆ.

ಎಲ್ಲರೂ ನಕ್ಕೆವು. ನನಗೆ ಒಳಗೊಳಗೇ ಹೆಮ್ಮೆಯಾಯಿತು. ಹೈಸ್ಕೂಲಿನಿಂದಲೂ ನನ್ನ ಬಗ್ಗೆ ಎಲ್ಲರೂ ಹೇಳುವುದು ಒಂದೇ: ಪಾಪ, ಆ ಹುಡುಗಿಗೆ ಫಿಟ್ಸ್ ಅಂತೆ. ಬಿ.ಎಸ್ಸಿ.ಯಲ್ಲಿ ಸಸ್ಯಶಾಸ್ತ್ರಕ್ಕೆ ಕಾಲೇಜಿಗೇ ಮೊದಲಿಗಳಾಗಿದ್ದೆ, ಆವತ್ತೂ ವೇದಿಕೆ ಹತ್ತುವಾಗ ಇಬ್ಬರು ಮೇಷ್ಟ್ರು ಎರಡು ಕಡೆ ನಿಂತಿದ್ದರು, ಬಿದ್ದರೆ ಹಿಡಿಯಲು. ಈಗ ಮೊದಲ ಸಲ ನನ್ನಲ್ಲಿರುವುದನ್ನು ನೋಡಿ ಒಬ್ಬರು ಹೊಟ್ಟೆಕಿಚ್ಚು ಪಟ್ಟರು.

ಅವರು ಹೋದ ಮೇಲೆ ಪಾತ್ರೆ ತೊಳೆಯುತ್ತಿದ್ದೆ. ನಲ್ಲಿ ಎರಡಾಗಿ ಕಂಡಿತು. ಯಾವ ನಲ್ಲಿಯ ಕೆಳಗೆ ತಟ್ಟೆ ಹಿಡಿಯಬೇಕೋ ತಿಳಿಯಲಿಲ್ಲ. ಹಿಡಿದದ್ದು ಸುಳ್ಳು ನಲ್ಲಿಯ ಕೆಳಗೆ, ತಟ್ಟೆ ಬಿದ್ದು ಠಣಾರ್ ಎಂದಿತು. ಅತ್ತೆ ಓಡಿ ಬಂದರು. ಇವರು ಹಾಸಿಗೆಯಿಂದ ಎದ್ದು ಓಡಿ ಬಂದರು. ಬಿದ್ದದ್ದು ತಟ್ಟೆ, ನಾನಲ್ಲ ಎಂದು ತಿಳಿದು ಇಬ್ಬರೂ ಉಸಿರು ಬಿಟ್ಟರು.

ಸರಿಯಾಗಿ ಒಂದು ರಾತ್ರಿ ಮಲಗಿದರೆ ಎಲ್ಲ ಸರಿಹೋಗುತ್ತದೆ.

ಮಾರ್ಚ್ ೧೩, ಗುರುವಾರ

ಗುಂಡಮ್ಮನಿಗೆ ಒಂದೂವರೆ ತಿಂಗಳ ಚುಚ್ಚುಮದ್ದು. ಅಧ್ಯಯನದಲ್ಲಿರುವ ತಾಯಂದಿರಿಗೆ ಫಿಟ್ಸ್ ವಿಭಾಗದಲ್ಲೇ ಒಂದು ಕೋಣೆ ಬಿಟ್ಟಿದ್ದಾರೆ, ಮಕ್ಕಳ ಸಾಲಿನಲ್ಲಿ ನಿಂತು ಸುಸ್ತಾಗಬಾರದೆಂದು. ಗೋಡೆಗೆ ಒರಗಿದ ಉದ್ದನೆಯ ಬೆಂಚು, ಮೂಲೆಯಲ್ಲಿ ಕುಡಿಯುವ ನೀರಿನ ಯಂತ್ರ, ತೂಕದ ತಟ್ಟೆಯ ಮೇಲೆ ನೀಲಿ ರಬ್ಬರು. ಅತ್ತೆಯೂ ಬಂದಿದ್ದರು, ಮಗು ಎತ್ತಿಕೊಳ್ಳಲು. ಬಸ್ಸಿನಲ್ಲಿ ನಾನು ಎತ್ತಿಕೊಳ್ಳುವುದು ಅವರಿಗೂ ಇಷ್ಟವಿಲ್ಲ, ನನಗೂ ಧೈರ್ಯವಿಲ್ಲ.

ಪಕ್ಕದಲ್ಲಿ ಒಬ್ಬಳು ಕೂತಿದ್ದಳು, ನನಗಿಂತ ಚಿಕ್ಕವಳು. ಕುತ್ತಿಗೆಗೆ ಅಳತೆ ಟೇಪು ಹಾಕಿಕೊಂಡೇ ಬಂದುಬಿಟ್ಟಿದ್ದಳು. ನಾನು ಅದನ್ನೇ ನೋಡುತ್ತಿರುವುದು ಕಂಡು ನಾಲಿಗೆ ಕಚ್ಚಿ ನಕ್ಕಳು.

"ಅಂಗಡಿಯಿಂದ ನೇರ ಬಂದೆ ಅಕ್ಕ. ಬಸ್ಸಲ್ಲಿ ಎಲ್ಲರೂ ಯಾಕೆ ನನ್ನೇ ನೋಡ್ತಿದ್ದಾರೆ ಅಂತ ಈಗ ಗೊತ್ತಾಯ್ತು."

ಬಸ್ ಡಿಪೋ ಹಿಂದಿನ ಬೀದಿಯಲ್ಲಿ ಗಂಡ ಹೆಂಡತಿ ಹೊಲಿಗೆ ಅಂಗಡಿ ಇಟ್ಟಿದ್ದಾರಂತೆ. ಅವಳ ತೊಡೆಯ ಮೇಲೆ ಬೆರಳು ಮಡಚಿಕೊಂಡು ಒಂದು ಗಂಡುಮಗು ಮಲಗಿತ್ತು. ಏನು ಕರೀತೀರಿ ಎಂದು ಅತ್ತೆ ಕೇಳಿದರು.

"ಸಾಹೇಬ್ರು ಅಂತ. ಹೊಲಿಗೆ ಮಿಷನ್ ಪಕ್ಕದಲ್ಲೇ ಮಲಗಿಸ್ತೀನಿ, ಅಷ್ಟು ಸದ್ದಲ್ಲೂ ಏಳಲ್ಲ. ನಾವು ಗೇಯೋದು, ಸಾಹೇಬ್ರು ಮಲಗೋದು. ಹಾಲಿಗೂ ನಾವೇ ಹೋಗಿ ಸಲಾಮ್ ಹೊಡೆದು ಎಬ್ಬಿಸಬೇಕು."

"ನಮ್ಮದೂ ಅದೇ ಜಾತಿ" ಅಂದರು ಅತ್ತೆ. "ಅಪ್ಪಟ ಸಾಧು."

ಅವಳಿಗೂ ಅದೇ ಮಾತ್ರೆ, ಅವಳಿಗೂ ಬಸುರಿನಲ್ಲಿ ಹೆಚ್ಚು ಮಾಡಿದ್ದಾರೆ. ಮದುವೆಗೆ ಮುಂಚೆ ಗಂಡನಿಗೆ ಹೇಳಿದ್ದೆಯಾ ಎಂದು ನಾನು ಪಿಸುಗುಟ್ಟಿ ಕೇಳಿದೆ. "ಹೇಳದೆ? ಅವರ ಎದುರಿಗೇ ಅಂಗಡೀಲಿ ಬಿದ್ದಿದ್ದೆ. ಎದ್ದು ನೋಡ್ತೀನಿ, ತಲೆ ಕೆಳಗೆ ಗಿರಾಕಿಯ ಹೊಸ ಕೋಟು ಮಡಚಿ ಇಟ್ಟಿದ್ದಾರೆ. ಆವತ್ತೇ ಒಪ್ಪಿಕೊಂಡೆ." ಇಂಥ ಮಾತನ್ನು ನಾನು ಯಾರ ಬಾಯಲ್ಲೂ ಕೇಳಿರಲಿಲ್ಲ. ಫಿಟ್ಸ್ ಬಗ್ಗೆ ನಗುತ್ತ ಮಾತಾಡಬಹುದು ಎಂದೇ ಗೊತ್ತಿರಲಿಲ್ಲ. ನಂಬರು ಕೇಳಿದೆ. ಅಂಗಡಿಗೂ ಮನೆಗೂ ಒಂದೇ ಫೋನು, ಗಂಡನ ಹತ್ತಿರ ಇರುತ್ತದೆ ಎಂದು ಬರೆಸಿದಳು.

ಗೋಡೆಯ ಆಚೆ ಮಕ್ಕಳ ವಿಭಾಗ. ಒಂದೊಂದು ಚುಚ್ಚುಮದ್ದಿಗೂ ಒಂದೊಂದು ಮಗು ಕಿಟಾರನೆ ಕಿರುಚುವುದು ಕೇಳುತ್ತಿತ್ತು. ನಮ್ಮ ಸರದಿ ಬಂತು. ನಾನು ಮುಖ ತಿರುಗಿಸಿಕೊಂಡು ಕಿವಿ ಗಟ್ಟಿ ಮಾಡಿಕೊಂಡೆ. ಏನೂ ಕೇಳಲಿಲ್ಲ. ತಿರುಗಿ ನೋಡಿದರೆ ಆಗಿಹೋಗಿತ್ತು. ಗುಂಡಮ್ಮ ಹುಬ್ಬು ಗಂಟಿಕ್ಕಿ, ಬಾಯಿ ಸ್ವಲ್ಪ ಸೊಟ್ಟ ಮಾಡಿ, ಮತ್ತೆ ಮಲಗಿದಳು.

"ಎಷ್ಟು ಧೈರ್ಯ ನೋಡಿ ನನ್ನ ಮೊಮ್ಮಗಳಿಗೆ!" ಅಂದರು ಅತ್ತೆ.

"ದೊಡ್ಡವಳಾದ ಮೇಲೆ ಪೊಲೀಸ್ ಮಾಡಿ" ಅಂದರು ಚುಚ್ಚಿದ ಸಿಸ್ಟರ್.

ಸಾಹೇಬರೂ ಹಾಗೇ, ಕಮಕ್ ಕಿಮಕ್ ಅನ್ನಲಿಲ್ಲ. ನಾವಿಬ್ಬರು ತಾಯಂದಿರು ಒಬ್ಬರ ಮುಖ ಒಬ್ಬರು ನೋಡಿ ನಕ್ಕೆವು, ಬಹುಮಾನ ಬಂದವರ ಹಾಗೆ. ತೂಕ ನೋಡಿದರು. ಏರಬೇಕಾದಷ್ಟು ಏರಿಲ್ಲ, ಹಾಲು ಜಾಸ್ತಿ ಸಲ ಕೊಡಿ ಅಂದರು. ಕೊಡುತ್ತೇನೆ. ಕುಡಿಯುವವಳು ಏಳಬೇಕಲ್ಲ.

ಮಾರ್ಚ್ ೧೪, ಶುಕ್ರವಾರ

ಇವತ್ತು ಜ್ವರ ಬರಬಹುದು, ರಾತ್ರಿಯೆಲ್ಲ ಅಳಬಹುದು ಅಂದಿದ್ದರು. ಜ್ವರ ಇಲ್ಲ. ಅಳುವೂ ಇಲ್ಲ. ಕಾದು ಕೂತಿದ್ದೇ ಬಂತು.

ಮಾರ್ಚ್ ೧೬, ಭಾನುವಾರ

ಅಮ್ಮನ ಫೋನು. ತಂಗಿಯ ಗೆಳತಿ ಎಲ್ಲೋ ಓದಿದಳಂತೆ, ಈ ಮಾತ್ರೆ ಹಾಲಿನಲ್ಲಿ ಇಳಿಯುತ್ತದಂತೆ. "ಒಂದು ವಾರ ಬಿಟ್ಟು ನೋಡೇ. ಏನೂ ಆಗಲ್ಲ. ನಾನು ನಿನಗೆ ಹಾಲು ಕೊಡುವಾಗ ಒಂದು ತಲೆನೋವಿನ ಮಾತ್ರೇನೂ ಮುಟ್ಟಲಿಲ್ಲ."

ರಾತ್ರಿಯ ಎರಡು ಮಾತ್ರೆ ಅಂಗೈಯಲ್ಲಿಟ್ಟುಕೊಂಡು ಕೂತೆ. ಇವತ್ತು ಇವರಿಗೆ ರಜ. ಊಟ ಮುಗಿಸಿ ಬಂದವರು ನನ್ನ ಕೈ ನೋಡಿದರು.

"ಯಾಕೆ, ಎಣಿಸ್ತಾ ಇದ್ದೀಯಾ?"

"ಇವತ್ತೊಂದು ದಿನ ಬೇಡ ಅಂತ."

"ಯಾರು ಹೇಳಿದ್ದು?"

"ಯಾರೂ ಇಲ್ಲ."

"ನಿಮ್ಮಮ್ಮ ತಾನೆ? ಅವರು ಡಾಕ್ಟರಾಗಿದ್ದು ಯಾವಾಗ?"

"ನಮ್ಮಮ್ಮನ ಸುದ್ದಿ ಬೇಡ. ಮಗುಗೆ ಏನಾದ್ರೂ ಆದ್ರೆ ಯಾರ್ರೀ ಜವಾಬ್ದಾರಿ? ನಾನು ಬಿದ್ರೆ ಏಳ್ತೀನಿ. ಎಷ್ಟು ಸಲ ಬಿದ್ದಿಲ್ಲ, ಎಷ್ಟು ಸಲ ಎದ್ದಿಲ್ಲ?"

ಇವರು ಪಕ್ಕದಲ್ಲಿ ಬಂದು ಕೂತರು. ಆಮೇಲೆ, "ನೀನು ಬೀಳೋದನ್ನ ನಾನು ನೋಡಿದ್ದೀನಿ. ನೀನು ನೋಡಿಲ್ಲ" ಅಂದರು.

ಲೋಟ ತಂದು ಕೊಟ್ಟರು. ನುಂಗಿದೆ. ಇವರು ಮಗಳ ಪಕ್ಕ ಮಲಗಿ ಅವಳ ಕೈ ಎತ್ತಿ ಬಿಟ್ಟರು, ಅದು ಹಾಗೇ ಹಾಸಿಗೆಗೆ ಬಿತ್ತು. "ಗುಂಡಮ್ಮ, ಅಪ್ಪನಿಗೊಂದು ಗುದ್ದು ಕೊಡೇ" ಎಂದು ಮತ್ತೆ ಎತ್ತಿದರು. ಮತ್ತೆ ಬಿತ್ತು. ಮೂರನೆಯ ಸಲ ಎತ್ತಲಿಲ್ಲ. ನನ್ನ ಕಡೆ ನೋಡಿದರು. ನಾನು ದೀಪ ಆರಿಸಿಬಿಟ್ಟೆ.

ಯಾಕೆ ಆರಿಸಿದೆ?

ಮಾರ್ಚ್ ೧೮, ಮಂಗಳವಾರ

ಸ್ನಾನ ಮಾಡಿಸುವಾಗಲೂ ಎಚ್ಚರವಾಗಲಿಲ್ಲ. ಅತ್ತೆ, "ನೀರು ಹಿತವಾಗಿದೆ ಅವಳಿಗೆ" ಅಂದರು. ಅಂದ ಮೇಲೆ ಅವರೇ ಇನ್ನೊಂದು ಚೊಂಬು ನೀರು ಹಾಕಿ ನೋಡಿದರು. ನಾನು ಹೂಂ ಅಂದೆ. ಅವರೂ ಹೂಂ ಅಂದರು.

ಮೇಲಿನ ಮನೆಯವರ ಮಗು ದಿನವಿಡೀ ಅಳುತ್ತದೆ. ಮೊದಲು ಕಿರಿಕಿರಿಯಾಗುತ್ತಿತ್ತು. ಇವತ್ತು ಮೆಟ್ಟಿಲ ಮೇಲೆ ಕೂತು ಕೇಳಿದೆ.

ಮಾರ್ಚ್ ೨೦, ಗುರುವಾರ, ಸಂಜೆ

ಆಸ್ಪತ್ರೆಯ ಮೊಗಸಾಲೆಯಲ್ಲಿ ಕೂತು ಬರೆಯುತ್ತಿದ್ದೇನೆ. ಕೈಗೊಂದು ಕೆಲಸ ಬೇಕು.

ಬೆಳಿಗ್ಗೆಯಿಂದ ಗುಂಡಮ್ಮ ಹಾಲು ಕುಡಿದಿರಲಿಲ್ಲ. ಎದೆಗೆ ಹಿಡಿದರೆ ಬಾಯಿ ತೆರೆಯುತ್ತಾಳೆ, ಎರಡು ಸಲ ಚೀಪುತ್ತಾಳೆ, ಮರೆತುಬಿಡುತ್ತಾಳೆ. ಕೆನ್ನೆ ತಟ್ಟಿದೆ, ಕಿವಿ ಉಜ್ಜಿದೆ, ಒದ್ದೆ ಬಟ್ಟೆ ಪಾದಕ್ಕೆ ಹಚ್ಚಿದೆ. ಅತ್ತೆ ಚಮಚ ತೆಗೆದುಕೊಂಡು ತಟ್ಟೆ ಬಾರಿಸಿದರು. ಅಷ್ಟರಲ್ಲಿ ಫೋನು. ಫೋನ್ ಸಿಸ್ಟರ್. ಅದೇ ಫ್ಯಾನು, ಅದೇ ಒಂದೇ ಉಸಿರು.

"ವಾಂತಿ ಇದೆಯೇ? ಗುಳ್ಳೆ ಇದೆಯೇ? ಮಗು ಮಂಕಾಗಿದೆಯೇ?"

"ಇಲ್ಲ ಸಿಸ್ಟರ್, ತುಂಬಾ ಸಾ..." ಬಾಯಿಗೆ ಬಂದಿತ್ತು. ನನ್ನ ಕೈಯಲ್ಲಿ ಅವಳ ತಲೆ ಇತ್ತು. ತಲೆಯ ಭಾರವೆಲ್ಲ ನನ್ನ ಕೈ ಮೇಲೇ ಇತ್ತು.

"ಸಿಸ್ಟರ್, ಮಂಕು ಅಂದ್ರೆ ಏನು?"

"ಅಂದ್ರೆ... ಮಂಕು. ಅದೇ, ಚುರುಕಿಲ್ಲದೆ ಇರೋದು."

"ನಿಮ್ಮ ಕಾಗದದಲ್ಲಿ ಬೇರೆ ಏನಾದ್ರೂ ಬರೆದಿದೆಯಾ? ಡಾಕ್ಟರಮ್ಮ ಮೊದಲು ಬರೆದಿದ್ದು?"

ಹಾಳೆ ತಿರುವುವ ಸದ್ದು. "ಇಂಗ್ಲಿಷಲ್ಲಿ ಉದ್ದಕ್ಕಿದೆ ಮೇಡಂ. ಹಾಲಿನ ಹೊತ್ತಿಗೆ ಎಬ್ಬಿಸಿದರೂ ಏಳದಿರುವುದು, ಮೈ ಜೋಲು ಬೀಳುವುದು ಅಂತ. ಫೋನಲ್ಲಿ ಅಷ್ಟುದ್ದ ಯಾರು ಕೇಳ್ತಾರೆ ಅಂತ ಒಂದೇ ಮಾತಲ್ಲಿ ಮಂಕು ಅಂತ ಮಾಡಿಕೊಟ್ಟಿದ್ದಾರೆ."

"ನಿಮ್ಮ ಮಗ ಮಂಕಾ ಅಂತ ಯಾರಾದ್ರೂ ಕೇಳಿದ್ರೆ ನೀವು ಹೌದು ಅಂತೀರಾ?"

ಆಚೆಯಿಂದ ಮತ್ತೆ ಹಾಳೆ ತಿರುವುವ ಸದ್ದು.

"ಇಲ್ಲಿವರೆಗೆ ಯಾರಾದ್ರೂ ಹೌದು ಅಂದಿದ್ದಾರಾ ಸಿಸ್ಟರ್?"

"ಇಲ್ಲ" ಅಂದರು. ದನಿ ಚಿಕ್ಕದಾಗಿತ್ತು. "ಕೆಲವರು ಬರೀ ಇಲ್ಲ ಅಂತಾರೆ. ಕೆಲವರು... ಇಲ್ಲ, ಸಾಧು ಅಂತಾರೆ."

ಆಮೇಲೆ ಅವರು ಓದುವುದನ್ನು ಬಿಟ್ಟು ಕೂಗಿದರು: "ಮೇಡಂ, ಮಗೂನ ಎತ್ಕೊಂಡು ಈಗಲೇ ಬನ್ನಿ. ಬಸ್ಸಿಗೆ ಕಾಯಬೇಡಿ."

ಇವರು ಪಾಳಿ ಮುಗಿಸಿ ಮಲಗಿದ್ದವರು ಬನಿಯನ್ನಿನಲ್ಲೇ ಕೆಳಗಿಳಿದು ಆಟೊ ತಂದರು. ಮಗುವನ್ನು ನಾನೇ ಎತ್ತಿಕೊಂಡೆ. ಅತ್ತೆ ಕೈ ಚಾಚಿದರು, ಕೊಡಲಿಲ್ಲ. ದಾರಿಯುದ್ದಕ್ಕೂ ಅವಳ ಮೂಗಿನ ಕೆಳಗೆ ನನ್ನ ಬೆರಳು. ಉಸಿರು ಬರುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಬರುತ್ತಿತ್ತು. ನಿಂತಾಗ ನನ್ನದೂ ನಿಲ್ಲುತ್ತಿತ್ತು.

ಈಗ ಒಳಗೆ ಗಾಜಿನ ಪೆಟ್ಟಿಗೆಯಲ್ಲಿದ್ದಾಳೆ. ಮೂಗಿಗೆ ನಳಿಕೆ. ನನ್ನ ರಕ್ತವನ್ನೂ ತೆಗೆದುಕೊಂಡು ಹೋಗಿದ್ದಾರೆ. ಅತ್ತೆ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತು, "ಸಾಧು ಅಂತ ನಾನೇ ಮೊದಲು ಅಂದಿದ್ದು" ಎನ್ನುತ್ತಿದ್ದಾರೆ. "ನಾನೂ ಅಂದೆ ಅತ್ತೆ, ಸುಮ್ಮನಿರಿ" ಎಂದೆ. ಎದ್ದು ಹೋಗಿ ಪಕ್ಕದಲ್ಲಿ ಕೂರಬೇಕು. ಕೂರುತ್ತೇನೆ.

ಅದೇ ದಿನ, ರಾತ್ರಿ

ರಕ್ತದ ಫಲಿತಾಂಶ ಬಂತು. ನನ್ನ ಮೈಯಲ್ಲಿ ಔಷಧಿ ಇರಬೇಕಾದ್ದಕ್ಕಿಂತ ಎಷ್ಟೋ ಪಾಲು ಹೆಚ್ಚಿದೆಯಂತೆ. ನಲ್ಲಿ ಎರಡಾಗಿ ಕಂಡದ್ದು, ಸಾಲು ಕೆಳಗಿಳಿದದ್ದು ನಿದ್ದೆಗೆಟ್ಟದ್ದಕ್ಕಲ್ಲ. ನನ್ನಿಂದ ಹಾಲಿಗೆ, ಹಾಲಿನಿಂದ ಅವಳಿಗೆ. ಡಾಕ್ಟರಮ್ಮ ಬೇರೆ ಊರಿನಲ್ಲಿದ್ದರು, ಡ್ಯೂಟಿ ಡಾಕ್ಟರು ಫೋನ್ ಹಚ್ಚಿ ನನ್ನ ಕೈಗೆ ಕೊಟ್ಟರು.

"ಹೆರಿಗೆ ಆದ ಕೂಡಲೇ ಮಾತ್ರೆ ಮೊದಲಿನಷ್ಟಕ್ಕೆ ಇಳಿಸಬೇಕಿತ್ತಮ್ಮ. ಹೆರಿಗೆ ವಾರ್ಡಿನವರು ಇಳಿಸಿರ್ತಾರೆ ಅಂತ ನಾವು. ನಾವು ಇಳಿಸ್ತೀವಿ ಅಂತ ಅವರು. ತಪ್ಪಾಯ್ತು."

"ಇಳಿಸಬೇಕು ಅಂತ ನನಗೆ ಹೇಳಬಹುದಿತ್ತಲ್ಲ ಡಾಕ್ಟ್ರೇ. ದಿನಾ ನುಂಗ್ತಿದ್ದವಳು ನಾನು."

"ಹೇಳಬೇಕಿತ್ತು."

"ಉಳಿದ ತಾಯಂದಿರು?"

"ನಾಳೆ ಬೆಳಿಗ್ಗೆ ಆಫೀಸ್ ತೆಗೆದ ತಕ್ಷಣ..."

"ನಾಳೆ ಬೆಳಿಗ್ಗೆ ಅಂದ್ರೆ ಎಷ್ಟು ಸಲ ಹಾಲು ಕುಡೀತಾವೆ ಮಕ್ಕಳು, ಲೆಕ್ಕ ಹಾಕಿ. ಈಗಲೇ ಮಾಡಿಸಿ. ನಾನು ಇಲ್ಲೇ ನಿಂತಿರ್ತೀನಿ." ಡ್ಯೂಟಿ ಡಾಕ್ಟರು ನನ್ನ ಕೈಯಿಂದ ಫೋನು ತೆಗೆದುಕೊಳ್ಳಲು ನೋಡಿದರು. ಕೊಡಲಿಲ್ಲ.

ಫೋನ್ ಸಿಸ್ಟರ್ ಬಂದರು. ಮೊದಲ ಸಲ ಮುಖ ನೋಡಿದೆ. ಅತ್ತು ಕಣ್ಣು ಊದಿತ್ತು. ಅವರ ಮೊಬೈಲಿನಲ್ಲಿದ್ದ ನಂಬರುಗಳಿಗೆಲ್ಲ ನಾವಿಬ್ಬರೂ ಬೆಂಚಿನ ಮೇಲೆ ಕೂತು ಹಂಚಿಕೊಂಡು ಫೋನು ಮಾಡಿದೆವು. ಮಂಕು ಎಂಬ ಮಾತನ್ನು ಇಬ್ಬರೂ ಎತ್ತಲಿಲ್ಲ. ಹಾಲಿಗೆ ತಾನಾಗಿ ಏಳುತ್ತಾ, ಕೈ ಎತ್ತಿ ಬಿಟ್ಟರೆ ಹ್ಯಾಗೆ ಬೀಳುತ್ತೆ, ಎಂದು ಕೇಳಿದೆವು. ಒಬ್ಬಳ ಮಗು ಹಿಂದುಗಡೆ ಬಾಯಿ ಬಿಟ್ಟುಕೊಂಡು ಅಳುತ್ತಿತ್ತು, ಅವಳನ್ನು ಬೇಗ ಬಿಟ್ಟೆವು. ಇನ್ನಿಬ್ಬರು ಆಟೊ ಹತ್ತಿ ಬರುತ್ತಿದ್ದಾರೆ.

ಗುಂಡಮ್ಮ ಒಂದು ಗಂಟೆಯ ಹಿಂದೆ, ಹಿಮ್ಮಡಿಗೆ ಸೂಜಿ ಹಾಕಿದಾಗ, ಅತ್ತಳಂತೆ. ನನಗೆ ಕೇಳಿಸಲಿಲ್ಲ. ಆಗ ನಾನು ಫೋನಿನಲ್ಲಿದ್ದೆ.

ಒಬ್ಬಳು ಮಾತ್ರ ಸಿಕ್ಕಿಲ್ಲ. ಹೊಲಿಗೆಯವಳು. ಗಂಟೆ ಹೊಡೆದುಕೊಂಡು ನಿಲ್ಲುತ್ತದೆ, ಯಾರೂ ಎತ್ತುವುದಿಲ್ಲ. ಮಲಗುವ ಮುಂಚೆ ಸದ್ದು ಅಡಗಿಸಿಟ್ಟಿದ್ದಾರೋ ಏನೋ. ವಿಳಾಸ ಆಫೀಸಿನ ಕಂಪ್ಯೂಟರಿನಲ್ಲಿದೆ, ಬೀಗದ ಕೈ ಇರುವವರು ಫೋನ್ ತೆಗೆಯುತ್ತಿಲ್ಲ. ಇವರು ಡಿಪೋ ಹಿಂದೆ ಹುಡುಕಲು ಹೋಗಿದ್ದಾರೆ. ಅಂಗಡಿ ಸಿಕ್ಕಿತು, ಬಾಗಿಲು ಎಳೆದಿದೆ, ಮನೆ ಎಲ್ಲಿ ಎಂದು ಆ ಬೀದಿಯಲ್ಲಿ ಹೇಳುವವರಿಲ್ಲ ಎಂದು ಈಗ ತಾನೇ ತಿಳಿಸಿದರು. ಸುತ್ತಮುತ್ತ ಒಂದೊಂದೇ ಬಾಗಿಲು ತಟ್ಟುತ್ತಿದ್ದಾರೆ.

ವಾಯ್ಸ್ ಮೆಸೇಜ್ ಕಳಿಸಿದ್ದೇನೆ, ಯಾರೂ ಕೇಳಿಲ್ಲ. ಫೋನಿನ ಸಣ್ಣ ಅಕ್ಷರ ನನಗೆ ಎರಡೆರಡಾಗಿ ಕಾಣುತ್ತದೆ. ಅದಕ್ಕೇ ಇಲ್ಲಿ, ಹೊಸ ಪುಟದಲ್ಲಿ, ದೊಡ್ಡದಾಗಿ ಬರೆದು ಫೋಟೊ ತೆಗೆದು ಕಳಿಸುತ್ತೇನೆ.

ತಂಗೀ, ಆವತ್ತು ಬೆಂಚಿನ ಮೇಲೆ ನಿನ್ನ ಪಕ್ಕ ಕೂತಿದ್ದವಳು ನಾನು. ಫೋನ್ ನಿನ್ನ ಗಂಡನ ಕೈಯಲ್ಲಿದ್ದರೆ, ಅಣ್ಣಾ, ದಯವಿಟ್ಟು ಅವಳನ್ನು ಎಬ್ಬಿಸಿ ಓದಿ ಹೇಳಿ. ಸಾಹೇಬರನ್ನು ಈಗಲೇ ಎತ್ತಿಕೊಳ್ಳಿ. ದೀಪ ಹಾಕಿ. ಅಂಗಾಲು ತಟ್ಟಿ. ಕಣ್ಣು ಬಿಟ್ಟು ನಿಮ್ಮನ್ನು ನೋಡುತ್ತಾನಾ ನೋಡಿ. ಏಳದಿದ್ದರೆ ಒಂದು ನಿಮಿಷವೂ ಕಾಯದೆ ಆಸ್ಪತ್ರೆಗೆ ಬನ್ನಿ, ನಾನು ಬಾಗಿಲಲ್ಲೇ ಇರುತ್ತೇನೆ. ಎದ್ದರೂ ಬನ್ನಿ. ಇಲ್ಲಿಯ ಡಾಕ್ಟರು ನೋಡುವವರೆಗೆ ಎದೆ ಹಾಲು ಬೇಡ. ನಿನ್ನ ಮಾತ್ರೆಯನ್ನು ಮಾತ್ರ ನೀನಾಗಿ ನಿಲ್ಲಿಸಬೇಡ, ಒಮ್ಮೆಲೇ ಬಿಟ್ಟರೆ ನೀನು ಬೀಳುತ್ತೀಯ. ಎಷ್ಟು ಇಳಿಸಬೇಕೆಂದು ಅವರೇ ಹೇಳುತ್ತಾರೆ. ನಿನ್ನ ತಪ್ಪು ಏನೂ ಇಲ್ಲ. ನಿನ್ನ ಮಗ ಮಂಕಲ್ಲ. ಸಾಧುವೂ ಅಲ್ಲ ತಂಗೀ, ಅವನಿಗೆ ಅಳುವ ಶಕ್ತಿ ಇಲ್ಲ.

ಅವನು ಎದ್ದು ಬೀದಿಗೆಲ್ಲ ಕೇಳುವ ಹಾಗೆ ಅತ್ತರೆ, ಸುಖವಾಗಿ ಮಲಗಿದ್ದ ಮಗುವನ್ನು ಎಬ್ಬಿಸಿದೆನೆಂದು ನನಗೆ ಬಾಯಿಗೆ ಬಂದ ಹಾಗೆ ಬೈ. ಬೈಯುವುದಕ್ಕಾದರೂ ಫೋನ್ ಮಾಡು. ಬೆಳಗಾಗುವುದರೊಳಗೆ ಮಾಡು.